ಹನ್ನೆರಡನೆಯ ಸಂಪುಟ ಓದಿದವನು

"ಅಲ್ಲಿ ಕಾಲಿಡಬೇಡಿ ಮೇಡಂ, ಗ್ರೀಸ್ ಇದೆ."

ಇನ್‌ಸ್ಪೆಕ್ಟರ್ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ತಾರಸಿಯ ಮೇಲಿನ ಆ ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿರಲಿಲ್ಲ. ನಡುವೆ ಲಿಫ್ಟಿನ ಮೋಟಾರು. ಅದರ ದೊಡ್ಡ ಚಕ್ರದಿಂದ ಇಳಿದ ಉಕ್ಕಿನ ಹಗ್ಗಗಳು ನೆಲದ ಕಿಂಡಿಯ ಮೂಲಕ ಕೆಳಗಿನ ಕತ್ತಲೆಗೆ ಹೋಗಿದ್ದವು. ಬಿಚ್ಚಿದ ಭಾಗಗಳನ್ನು ಹಳೆಯ ಗೋಣಿಯ ಮೇಲೆ ಹರಡಿಕೊಂಡು ಕೂತಿದ್ದವನು ಕೈ ಒರೆಸಿಕೊಂಡನೇ ಹೊರತು ಏಳಲಿಲ್ಲ.

ಅವಳು ಯೂನಿಫಾರಂ ಹಾಕಿರಲಿಲ್ಲ, ಜೀಪನ್ನೂ ತಂದಿರಲಿಲ್ಲ. ಹೆಗಲಿನ ಚೀಲದಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕವಿತ್ತು. ಅದನ್ನು ಹೊತ್ತುಕೊಂಡು ಅಷ್ಟೂ ಮಹಡಿ ಹತ್ತಿದ್ದಕ್ಕೆ ಎದೆ ಇನ್ನೂ ಬಡಿದುಕೊಳ್ಳುತ್ತಿತ್ತು.

ಅವಳು ನೆಲದ ಮೇಲಿನ ಗ್ರೀಸನ್ನೇ ನೋಡುತ್ತ ನಿಂತಳು. ಕಪ್ಪು, ದಪ್ಪ, ಒಂದು ಸಲ ಅಂಟಿದರೆ ಸೋಪಿಗೂ ಜಗ್ಗದ ಜಾತಿ. ಇದೇ ಕಪ್ಪು ಬೆರಳಿನ ಗುರುತು ಪುಸ್ತಕದಕ್ಕನ ಅಂಗಡಿಯ ಬೆತ್ತದ ಕುರ್ಚಿಯ ತೋಳಿನ ಮೇಲೂ ಇತ್ತು.

ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ನಡೆಸುತ್ತಿದ್ದ ಪುಸ್ತಕದಕ್ಕ ತನ್ನದೇ ಅಂಗಡಿಯಲ್ಲಿ, ಏಣಿಯ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದಳು. ಗೋಣಿಯ ಮೇಲೆ ಕೂತಿದ್ದ ಈ ಲಿಫ್ಟ್ ಮೆಕ್ಯಾನಿಕ್ ಅವಳ ಒಡಹುಟ್ಟಿದ ತಮ್ಮ. ಇಬ್ಬರಿಗೂ ಮದುವೆಯಾಗಿರಲಿಲ್ಲ. ತಂದೆತಾಯಿ ಹೋಗಿ ಕಾಲವಾಗಿತ್ತು. ಅವಳಿಗೆ ಇವನು, ಇವನಿಗೆ ಅವಳು.

"ಅಕ್ಕನ ಅಂಗಡಿ ಮೆಟ್ಟಿಲು ತುಳಿದು ವರ್ಷವಾಯ್ತು ಅಂತ ಹೇಳಿದ್ರಿ," ಎಂದಳು ಇನ್‌ಸ್ಪೆಕ್ಟರ್.

"ಹೂಂ."

"ಈಗಲೂ ಅದೇ ಮಾತಾ?"

"ದಿನಕ್ಕೊಂದು ಮಾತು ಹೇಳೋನಲ್ಲ ಮೇಡಂ ನಾನು."

ಅವನು ಒಂದು ಸ್ಪ್ರಿಂಗನ್ನು ಎತ್ತಿ ಬೆಳಕಿಗೆ ಹಿಡಿದ, ಇಳಿಸಿದ, ಮತ್ತೆ ಎತ್ತಿ ಹಿಡಿದ. ಅವನು ಅದನ್ನು ನೋಡುತ್ತಿಲ್ಲ ಎಂಬುದು ಅವಳಿಗೆ ತಿಳಿಯಿತು.

ಡಾಕ್ಟರ ವರದಿ ಕೆಲವು ವಾರಗಳ ಹಿಂದೆಯೇ ಕೈಸೇರಿತ್ತು. ಪುಸ್ತಕದಕ್ಕ ಬಿದ್ದದ್ದು ನಿಜ, ತಲೆಗೆ ಪೆಟ್ಟಾದದ್ದೂ ನಿಜ. ಆದರೆ ಆ ಪೆಟ್ಟಿನಿಂದ ಅವಳು ಸತ್ತಿರಲಿಲ್ಲ. ಯಾರೋ ಮೂಗು ಬಾಯಿಯ ಮೇಲೆ ಮೆತ್ತನೆಯದೇನನ್ನೋ ಒತ್ತಿ ಹಿಡಿದು ಉಸಿರು ಕಟ್ಟಿಸಿದ್ದರು. ಈ ವಿಷಯವನ್ನು ಇನ್‌ಸ್ಪೆಕ್ಟರ್ ಇನ್ನೂ ಯಾರಿಗೂ ಹೇಳಿರಲಿಲ್ಲ. ಊರಿನ ಪಾಲಿಗೆ ಅದು ಇನ್ನೂ ಏಣಿ ಜಾರಿದ ಸಾವು.

ಅಂಗಡಿಯಲ್ಲಿ ಇನ್ನೂ ಒಂದು ಸಂಗತಿ ಅವಳ ಕಣ್ಣಿಗೆ ಬಿದ್ದಿತ್ತು. ಮೇಜಿನ ಮೇಲೆ ಒಂದು ಪಾರ್ಸೆಲಿನ ಕಂದು ಕಾಗದ, ಸುಕ್ಕಾಗದಂತೆ ಬಿಡಿಸಿ ಮಡಿಸಿಟ್ಟದ್ದು. ಪಕ್ಕದಲ್ಲಿ ಉಂಡೆ ಸುತ್ತಿಟ್ಟ ದಾರ. ಒಳಗಿದ್ದ ಪುಸ್ತಕ ಮಾತ್ರ ಇರಲಿಲ್ಲ.

ಅದು 'ಉಪ್ಪುಗಾಳಿ'ಯ ಕೊನೆಯ ಸಂಪುಟ. ಹಡಗು, ಕೋಟೆ, ಕಳೆದುಹೋದ ರಾಜಕುಮಾರ, ಮಗನಿಗಾಗಿ ಕಾಯುವ ರಾಣಿ, ಮುದುಕ ಅಂಬಿಗ ಎಲ್ಲ ಇದ್ದ ಕತೆ ಹನ್ನೊಂದು ದಪ್ಪ ಸಂಪುಟಗಳಲ್ಲಿ ಹರಡಿತ್ತು. ಓದುಗರು ಹನ್ನೆರಡನೆಯದಕ್ಕೆ ಬಾಯಿಬಿಟ್ಟು ಕಾಯುತ್ತಿದ್ದರು. ಮೊದಲ ಸಂಪುಟದಿಂದಲೂ ಬಾಡಿಗೆಗೆ ಕೊಟ್ಟುಕೊಂಡು ಬಂದವಳೆಂಬ ವಿಶ್ವಾಸಕ್ಕೆ ಪ್ರಕಾಶಕರು ಅಕ್ಕನಿಗೆ ಮಾತ್ರ ಮುಂಚಿತವಾಗಿ ಒಂದು ಪ್ರತಿ ಕಳಿಸಿದ್ದರು. ಅದು ಅವಳ ಕೈಸೇರಿದ್ದು ಅವಳು ಸತ್ತ ದಿನವೇ. ಉಳಿದವರಿಗೆ ಅದು ಇನ್ನೂ ಮಾರಾಟಕ್ಕೇ ಬಂದಿರಲಿಲ್ಲ.

ಇಡೀ ಊರಿಗೆ ಒಂದೇ ಪ್ರತಿ. ಅದನ್ನು ಓದಿದವರು ಯಾರೋ ಅವರು ಆ ದಿನ ಆ ಕೋಣೆಯಲ್ಲಿದ್ದರು. ಮೈಗೆ ಅಂಟಿದ ಗ್ರೀಸನ್ನಾದರೂ ಹೇಗೋ ತಿಕ್ಕಿ ತೆಗೆಯಬಹುದು, ಓದಿದ ಕತೆಯನ್ನು ತೆಗೆಯಲು ಬರುವುದಿಲ್ಲ.

ಆದರೆ ಓದಿದವನನ್ನು ಹಿಡಿಯಬೇಕಾದರೆ ಮೊದಲು ತಾನು ಓದಬೇಕಿತ್ತು.

ಕೆಲಸಕ್ಕೆ ಸೇರಿದ ಮೇಲೆ ಇನ್‌ಸ್ಪೆಕ್ಟರ್ ಕತೆಪುಸ್ತಕ ಮುಟ್ಟಿರಲಿಲ್ಲ. ಮೊದಲ ಸಂಪುಟವನ್ನು ಕೇಸಿನ ಕಾಗದದಂತೆ ಪೆನ್ಸಿಲ್ ಹಿಡಿದು ಶುರುಮಾಡಿದಳು. ಎರಡನೆಯದರ ನಡುವೆಲ್ಲೋ ಪೆನ್ಸಿಲ್ ಕೈಯಿಂದ ಬಿದ್ದುಹೋಯಿತು. ಮೂರನೆಯದನ್ನು ಜೀಪಿನಲ್ಲಿ, ಕೋರ್ಟಿನ ಜಗಲಿಯಲ್ಲಿ, ಹಾಲಿಗೆ ಇಟ್ಟ ಪಾತ್ರೆಯ ಮುಂದೆ ಓದಿದಳು. ಹಾಲು ಉಕ್ಕಿ ಹೋಯಿತು. "ರಾಣಿಗೆ ಹೊತ್ತು ಹೊತ್ತಿಗೆ ಊಟ ಸಿಗುತ್ತಂತಲ್ಲ, ನಾನೂ ಆ ಕೋಟೆಗೇ ಹೋಗಿಬಿಡ್ಲಾ?" ಎಂದು ಗಂಡ ಕೇಳಿದ.

ಓದಿ ಮುಗಿಸಿದ ಪ್ರತಿ ಅಧ್ಯಾಯಕ್ಕೂ ಅವಳಿಗೆ ಒಂದೇ ಆಸೆ. ಯಾರ ಹತ್ತಿರವಾದರೂ ಮಾತಾಡಬೇಕು. ಆಗೆಲ್ಲ ನೆನಪಾಗುತ್ತಿದ್ದವಳು, ತಾನು ಜೀವಂತ ಕಂಡೇ ಇರದ ಪುಸ್ತಕದಕ್ಕ. ಎಷ್ಟು ಮಾತಾಡಬಹುದಿತ್ತು. ಫೋಟೋದಲ್ಲಿನ ಆ ಹೆಣದ ಮೇಲೆ ಅವಳಿಗೆ ಸ್ನೇಹ ಹುಟ್ಟಿತ್ತು. ಅದು ತನಿಖೆಗೆ ಒಳ್ಳೆಯದಲ್ಲವೆಂದು ಗೊತ್ತಿದ್ದರೂ ಹುಟ್ಟಿತ್ತು.

ಅಂಗಡಿಗೆ ಬೀಗಮುದ್ರೆ ಬಿದ್ದಿದ್ದರಿಂದ ಸಂಪುಟಗಳನ್ನು ಒಂದೊಂದಾಗಿ ಎರವಲು ಕೊಟ್ಟವರು ಮೇಷ್ಟ್ರು. ನಿವೃತ್ತ ಇತಿಹಾಸದ ಮೇಷ್ಟ್ರು, ಅಕ್ಕನ ಹಳೆಯ ಗಿರಾಕಿ. ಅಂಗಡಿಯ ಕಿಟಕಿಯ ಪಕ್ಕ ಕೂತು "ಆ ಕಾಲದ ತೋಪಿನ ಗುಂಡು ಅಷ್ಟು ದೂರ ಹೋಗ್ತಾ ಇರಲಿಲ್ಲ" ಎಂದು ಕತೆಗಾರನ ತಪ್ಪು ಹಿಡಿಯುತ್ತಿದ್ದವರು. ಆ ದಿನ ಅವರು ಜ್ವರ ಬಂದು ಮನೆಯಲ್ಲಿ ಮಲಗಿದ್ದರಂತೆ. ಅಕ್ಕನ ಹೆಸರು ಬಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಪ್ರತಿ ಸಂಪುಟ ವಾಪಸು ಕೊಡುವಾಗಲೂ ಇನ್‌ಸ್ಪೆಕ್ಟರ್ ಅವರ ಮನೆಯಲ್ಲಿ ಕಾಫಿ ಕುಡಿದು, ಕತ್ತಿವರಸೆಯಿಂದ ಹಿಡಿದು ಸಮುದ್ರದ ಉಬ್ಬರದವರೆಗೆ ಮಾತಾಡಿ ಬರುತ್ತಿದ್ದಳು. ಬಹಳ ದಿನಗಳ ಮೇಲೆ ಅವಳಿಗೆ ಸಿಕ್ಕ ಒಬ್ಬ ಗೆಳೆಯ ಅವರು.

ಈಗ ಅವಳು ಚೀಲದಿಂದ ಪುಸ್ತಕ ತೆಗೆದು, ಗ್ರೀಸ್ ಇಲ್ಲದ ಜಾಗ ನೋಡಿ ಇಟ್ಟಳು.

"ಹನ್ನೊಂದನೇದು. ಬೆಳಿಗ್ಗೆ ಮುಗಿಸಿದೆ."

ಮೆಕ್ಯಾನಿಕ್ ಪುಸ್ತಕವನ್ನು ನೋಡಿದ. ಅವನ ಮುಖ ಮೊದಲ ಬಾರಿಗೆ ಸ್ವಲ್ಪ ಸಡಿಲವಾಯಿತು.

"ಅಂಬಿಗ ಹೋಗ್ಬಿಟ್ಟ ಅಲ್ವಾ?"

"ಹೂಂ. ಅತ್ತುಬಿಟ್ಟೆ."

"ಎಲ್ಲರೂ ಅಳ್ತಾರೆ." ಸ್ಪ್ರಿಂಗನ್ನು ಕೆಳಗಿಟ್ಟ. "ನಾವು ಮಾತು ಬಿಟ್ಟಿದ್ದು ಅವನಿಂದಲೇ. ಹೇಳಿರ್ತಾರೆ ನಿಮಗೆ."

ಹೇಳಿದ್ದರು. ಊರಿಗೆ ಅದೊಂದು ನಗೆಯ ವಿಷಯ. ಹನ್ನೊಂದನೆಯ ಸಂಪುಟವನ್ನು ಇವನು ಮೊದಲು ಒಯ್ದು ವಾಪಸು ಕೊಡದೇ ಇಟ್ಟುಕೊಂಡ. ಗಿರಾಕಿಗಳ ಮುಂದೆ ಅಕ್ಕ ಬೈದಳು. ಇವನು ಪುಸ್ತಕ ಎಸೆದು, ಮೆಟ್ಟಿಲಿಳಿಯುತ್ತ ಕೂಗಿದ್ದ, "ನಿನ್ನ ಅಂಬಿಗ ಸಾಯ್ತಾನೆ, ಹೋಗು." ಮೊದಲ ಸಂಪುಟದಿಂದ ಅವಳ ಜೀವದ ಗೆಳೆಯನಂತಿದ್ದ ಮುದುಕ ಅಂಬಿಗ. ಅವಳು ಬಾಗಿಲು ಹಾಕಿಕೊಂಡಳು. ಇಲ್ಲದ ಮನುಷ್ಯನೊಬ್ಬ ಸತ್ತದ್ದಕ್ಕೆ ಇದ್ದ ಇಬ್ಬರು ಮಾತು ಬಿಟ್ಟರು ಎಂದು ಜನ ನಕ್ಕರು. ವರ್ಷ ಉರುಳಿತು.

"ಒಂದು ಸಮಾಧಾನ ಇದೆ ನನಗೆ," ಎಂದಳು ಇನ್‌ಸ್ಪೆಕ್ಟರ್. ದನಿ ಆದಷ್ಟು ಹಗುರವಾಗಿರುವಂತೆ ನೋಡಿಕೊಂಡಳು. "ಅಂಬಿಗ ಹೋದ್ರೂ ರಾಜಕುಮಾರ ದಡ ಸೇರಿದಾನೆ. ಕೊನೇ ಸಂಪುಟದಲ್ಲಿ ರಾಣಿ ಮಗನನ್ನ ನೋಡೇ ನೋಡ್ತಾಳೆ. ಅಷ್ಟು ವರ್ಷ ಕಾದಿದಾಳಲ್ಲ."

ಅವನು ತಲೆ ತಗ್ಗಿಸಿದ್ದ.

"ನೋಡಲ್ಲ," ಎಂದ ಮೆಲ್ಲಗೆ. "ನೋಡೋಕೆ ಕಣ್ಣೆಲ್ಲಿದೆ ಅವಳಿಗೆ? ಮುಟ್ಟಿ ನೋಡ್ತಾಳೆ."

ಹನ್ನೊಂದನೆಯ ಸಂಪುಟದ ಕೊನೆಯ ಪುಟದವರೆಗೂ ರಾಣಿಯ ಕಣ್ಣು ಚೆನ್ನಾಗಿತ್ತು. ಕೋಟೆಯ ಬುರುಜಿನಿಂದ ದೂರದ ಹಾಯಿಯ ಬಣ್ಣ ಗುರುತಿಸುವಷ್ಟು ಚೆನ್ನಾಗಿತ್ತು.

ಬಾಯಿತಪ್ಪಿದ್ದು ಅವನಿಗೂ ಗೊತ್ತಾಯಿತು. ಕೈ ತಾನಾಗಿ ಬಾಯಿಗೆ ಹೋಗಿ ತುಟಿಯ ಮೇಲೆ ಕಪ್ಪು ಗೀರು ಬಿತ್ತು.

"ನಿಮಗೂ ಕೊನೆ ಹೇಳ್ಬಿಟ್ಟೆ," ಎಂದ. "ಕ್ಷಮಿಸಿ ಮೇಡಂ. ನನ್ನ ಹಣೆಬರಹವೇ ಇದು."

ಕೊಲೆಗಾರನ ಬಾಯಿಂದ ಬರುವ ಮಾತಲ್ಲ ಅದು. ಅವಳು ಅವನೆದುರು ನೆಲದ ಮೇಲೇ ಕೂತಳು.

"ಹೇಳಿ. ಮೊದಲಿಂದ ಹೇಳಿ."

ಅವನು ಕಿಂಡಿಯೊಳಗೆ ಇಳಿದಿದ್ದ ಹಗ್ಗಗಳನ್ನು ತೋರಿಸಿದ.

"ಆವತ್ತೂ ಇದೇ ಲಿಫ್ಟು ಮೇಡಂ. ನಾನು ಕೆಳಗೆ, ಲಿಫ್ಟಿನ ನೆತ್ತಿ ಮೇಲೆ ಕೂತು ಹಗ್ಗಕ್ಕೆ ಎಣ್ಣೆ ಬಿಡ್ತಾ ಇದ್ದೆ. ಮೇಲಿನ ಮಹಡಿ ಬಾಗಿಲು ತೆಗೆದಿತ್ತು. ಅಲ್ಲಿಂದ ಯಾರೋ ಬಗ್ಗಿ ಕೂಗಿದ್ರು. 'ಕೊನೇದು ಬಂತು ಕಣೋ.' ನಾನು ತಲೆ ಎತ್ತಿದೆ. ಅಕ್ಕ. ಒಂದು ವರ್ಷ ಆದ್ಮೇಲೆ ಅವಳು ಆಡಿದ ಮೊದಲನೇ ಮಾತು ಅದು. 'ಕಟ್ಟು ಬಿಚ್ಚಿಲ್ಲ. ನೀನು ಬಂದ್ರೆ ಬಿಚ್ತೀನಿ, ಇಲ್ದಿದ್ರೆ ಹಂಗೇ ಇಡ್ತೀನಿ' ಅಂದಳು."

"ಹೋದ್ರಿ."

"ಕೈ ಕೂಡ ಸರಿಯಾಗಿ ತೊಳೀಲಿಲ್ಲ."

ಅಂಗಡಿಯ ಬಾಗಿಲಿಗೆ 'ಇವತ್ತು ರಜೆ' ಎಂಬ ಹಲಗೆ ನೇತುಹಾಕಿ, ಕುರ್ಚಿಗಳನ್ನು ಕಿಟಕಿಗೆ ಎಳೆದುಕೊಂಡು ಕೂತರಂತೆ. ಹಿಂದಿನವುಗಳಷ್ಟು ದಪ್ಪವಿರದ ಅದನ್ನು ಚಿಕ್ಕವರಿದ್ದಾಗ ಮಾಡುತ್ತಿದ್ದಂತೆ ಅಧ್ಯಾಯಕ್ಕೊಬ್ಬರು ಗಟ್ಟಿಯಾಗಿ ಓದಿದರಂತೆ. ರಾಣಿ, ರಾಜಕುಮಾರ, ಸೇವಕಿಯರೆಲ್ಲ ಅಕ್ಕನ ಪಾಲು. ಕುದುರೆ, ಕಡಲುಗಳ್ಳರು, ಮೂಗಿನಲ್ಲಿ ಮಾತಾಡುವ ದುಷ್ಟ ಸೇನಾಪತಿ ಇವನ ಪಾಲು.

"ಸೇನಾಪತಿ ದನಿ ತೆಗೆದ್ರೆ ಸಾಕು, ಪಕ್ಕೆ ಹಿಡ್ಕೊಂಡು ನಗೋಳು. 'ಸಾಕು ಮಾರಾಯಾ, ಮುಂದೆ ಓದು, ಜೀವ ಹೋಗುತ್ತೆ' ಅನ್ನೋಳು." ಅವನ ಮುಖದಲ್ಲಿ ನಗು ಬಂದು, ಬಂದಲ್ಲೇ ಮುರಿಯಿತು. "ಹಂಗೇ ಅಂದಳು ಮೇಡಂ. ಅದೇ ಮಾತು."

"ಬಿದ್ದಿದ್ದು ಹೇಗೆ?"

"ರಾಜಕುಮಾರನ ಕೈ ಮೇಲೆ ಸುಟ್ಟ ಕಲೆ ಇದೆಯಲ್ಲ. ಎಡಗೈ ಅಂತ ನಾನು, ಬಲಗೈ ಅಂತ ಅವಳು. ಮೂರನೇ ಸಂಪುಟದಲ್ಲಿದೆ, ತೋರಿಸ್ತೀನಿ ತಾಳು ಅಂತ ಏಣಿ ಹತ್ತಿದಳು. ನಗ್ತಾನೇ ಹತ್ತಿದಳು. ಏಣಿ ಜಾರ್ತು."

ತಲೆಯ ಹಿಂಭಾಗದಲ್ಲಿ ರಕ್ತ. ಆದರೆ ಎಚ್ಚರವಿತ್ತು, ಮಾತಾಡುತ್ತಿದ್ದಳು. ಇವನು ಅವಳ ತಲೆಗೆ ತನ್ನ ಅಂಗಿ ಬಿಚ್ಚಿ ಸುತ್ತಿ, ಯಾರನ್ನಾದರೂ ಕೂಗಲು ಬಾಗಿಲಿಗೆ ಓಡಿದ.

"ಮೇಷ್ಟ್ರು ಸಿಕ್ಕಿದ್ರು. ದೇವರು ಬಂದ ಹಾಗೆ ಬಂದ್ರು ಅನ್ಕೊಳ್ಳಿ."

ಇನ್‌ಸ್ಪೆಕ್ಟರ್ ತಲೆ ಎತ್ತಿದಳು. ಜ್ವರ ಬಂದು ಮಲಗಿದ್ದ ಮನುಷ್ಯ. ತನಗೆ ಕಾಫಿ ಮಾಡಿಕೊಟ್ಟ ಕೈ.

"ಮೆಟ್ಟಿಲು ಹತ್ತುತ್ತಾ ಇದ್ರಾ ಅವರು?"

ಅವನು ಯೋಚಿಸಿದ. "ಇಲ್ಲ. ಮೆಟ್ಟಿಲ ತಿರುವಿನಲ್ಲಿ ಸುಮ್ನೆ ನಿಂತಿದ್ರು."

"ಆಮೇಲೆ?"

"ನಾನು ಫೋನ್ ಹುಡುಕ್ತಾ ಇದ್ದೆ. ಕೈಯೆಲ್ಲ ರಕ್ತ. 'ನೀನು ಅಕ್ಕನ ಕೈ ಬಿಡಬೇಡಪ್ಪ, ನಾನು ಆಂಬುಲೆನ್ಸಿಗೆ ಮಾಡ್ತೀನಿ' ಅಂದ್ರು. ಮಾಡಿದ್ರು. ನನ್ನ ಕಿವಿಯಾರೆ ಕೇಳಿದೆ, ವಿಳಾಸ ಬಿಡಿಸಿ ಬಿಡಿಸಿ ಹೇಳಿದ್ರು."

ಇನ್‌ಸ್ಪೆಕ್ಟರ್ ಈ ಕೇಸಿನಲ್ಲಿ ಮೊಟ್ಟಮೊದಲು ವಿಚಾರಿಸಿದ್ದೇ ಅದನ್ನು. ಆ ದಿನ ಆ ಬೀದಿಯಿಂದ ಆಂಬುಲೆನ್ಸಿಗೆ ಒಂದು ಕರೆಯೂ ಹೋಗಿರಲಿಲ್ಲ.

"ಕಾಯ್ತಾ ಕೂತಾಗ ಅಕ್ಕ ಅಂದಳು, ಸುಮ್ನೆ ಯಾಕೆ ಕೂತಿದೀಯ, ಉಳಿದಿದ್ದು ನಾಲ್ಕು ಪುಟ, ಓದು ಅಂತ. ಮಾತಾಡಬೇಡ ಅಂದೆ. ಓದು ಅಂದಳು. ಓದಿದೆ." ಅವನು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದುಕೊಂಡು, ಅವು ಯಾರವೋ ಎಂಬಂತೆ ನೋಡಿದ. "ಅವಳ ತಲೆ ನನ್ನ ತೊಡೆ ಮೇಲಿತ್ತು. ರಾಣಿ ಕತ್ತಲಲ್ಲಿ ಕೈ ಚಾಚ್ತಾಳೆ, ಎಡಗೈ ಸಿಗುತ್ತೆ, ಕಲೆ ಸವರ್ತಾಳೆ. ಮಗ ಅಂತ ಗೊತ್ತಾಗುತ್ತೆ. ಅಷ್ಟು ಓದಿದೆ. ಅಕ್ಕ ಕಣ್ಮುಚ್ಚಿಕೊಂಡೇ, 'ನೀನೇ ಗೆದ್ದೆ ಕಣೋ' ಅಂದಳು."

ಇನ್‌ಸ್ಪೆಕ್ಟರ್ ಅವಸರ ಮಾಡಲಿಲ್ಲ. ತನ್ನ ಕಣ್ಣನ್ನು ಒರೆಸಿಕೊಳ್ಳಲೂ ಇಲ್ಲ.

"ಗಾಡಿ ಬರಲೇ ಇಲ್ಲ. ಮೇಷ್ಟ್ರು, 'ಈ ಗಲ್ಲಿ ಅವರಿಗೆ ಸಿಕ್ಕೋದಿಲ್ಲ, ನೀನು ದೊಡ್ಡ ರಸ್ತೆಗೆ ಹೋಗಿ ನಿಂತ್ಕೋ, ನಾನಿರ್ತೀನಿ' ಅಂದ್ರು. ಹೋದೆ. ಅಂಗಿ ಇಲ್ಲದೆ ರಸ್ತೇಲಿ ನಿಂತು ಬಂದ ಬಂದ ಗಾಡಿಗೆಲ್ಲ ಕೈ ತೋರಿಸಿದೆ. ಕುಡಿದಿದಾನೆ ಅಂತ ಯಾರೋ ಬೈದ್ರು. ಕೊನೆಗೆ ಒಂದು ಆಟೋ ಹಿಡ್ಕೊಂಡು ವಾಪಸು ಬಂದೆ. ಮೇಷ್ಟ್ರು ಬಾಗಿಲಲ್ಲೇ ನಿಂತಿದ್ರು. 'ಹೋದಳಪ್ಪ' ಅಂದ್ರು."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಅವರೇ ಬೇಡ ಅಂದ್ರು. 'ವರ್ಷದಿಂದ ಜಗಳ ಇತ್ತು ಅಂತ ಊರಿಗೇ ಗೊತ್ತು. ನೀನು ತಳ್ಳಿದೆ ಅಂತಾರೆ. ನೀನಿಲ್ಲಿಗೆ ಬರಲೇ ಇಲ್ಲ, ನಾನೂ ಬರಲಿಲ್ಲ' ಅಂದ್ರು. ತಲೆಗೆ ಸುತ್ತಿದ್ದ ಅಂಗಿ ಬಿಚ್ಕೊಂಡು, ಪುಸ್ತಕ ಎತ್ಕೊಂಡು ಬಂದ್ಬಿಟ್ಟೆ. ನನ್ನನ್ನ ಉಳಿಸಿದ್ರು ಮೇಡಂ. ಈಗ ಅವರಿಗೇನೂ ತೊಂದರೆ ಆಗಬಾರದು."

ಅವನು ಟೂಲ್ ಪೆಟ್ಟಿಗೆಯ ಮೇಲಿನ ಸ್ಪಾನರುಗಳನ್ನು ಸರಿಸಿ, ಅಡಿಯಿಂದ ಶುಭ್ರವಾದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದು ಅವಳ ಕೈಗಿಟ್ಟ. ಹನ್ನೆರಡನೆಯ ಸಂಪುಟ. ಅಷ್ಟು ಆಸೆಯಿಂದ ಕಾದಿದ್ದ ಪುಸ್ತಕ ಅವಳ ತೊಡೆಯ ಮೇಲಿತ್ತು. ಅವಳು ಅದನ್ನು ತೆರೆಯಲಿಲ್ಲ. ಸಾಕ್ಷ್ಯದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಅಂಟಿಸಿದಳು.

ಇನ್ನು ಹೇಳದೆ ಗತ್ಯಂತರವಿರಲಿಲ್ಲ.

"ನಿಮ್ಮ ಅಕ್ಕ ಬಿದ್ದು ಸತ್ತಿಲ್ಲ."

ಅವನು ಅವಳ ಮುಖ ನೋಡಿದ.

"ತಲೆ ಗಾಯ ವಾಸಿ ಆಗುವಂಥದ್ದು. ಯಾರೋ ಉಸಿರು ಕಟ್ಟಿಸಿದಾರೆ. ಡಾಕ್ಟರು ಬರೆದು ಕೊಟ್ಟಿದಾರೆ. ಮತ್ತೆ, ಆವತ್ತು ಆಂಬುಲೆನ್ಸಿಗೆ ಯಾರೂ ಫೋನ್ ಮಾಡಿಲ್ಲ. ಯಾರೂ."

ಅವನು ಕೂಗಲಿಲ್ಲ, ಎದ್ದು ನಿಲ್ಲಲಿಲ್ಲ. ಪಕ್ಕದ ಮೋಟಾರಿಗೆ ಹಣೆ ಹಚ್ಚಿ ಕೂತ.

"ಹಂಗಾದ್ರೆ ನಾನು ರಸ್ತೇಲಿ ನಿಂತಿದ್ದಾಗ..."

"ಹೂಂ."

"ನಾನೇ ಬಿಟ್ಟು ಹೋದೆ. ಅವರ ಕೈಗೆ ನಾನೇ ಕೊಟ್ಟು ಹೋದೆ." ಹಣೆಯನ್ನು ಕಬ್ಬಿಣದಿಂದ ಎತ್ತದೆಯೇ ಅಂದ, "ಅವಳು ಹೇಳಿದ್ಲು ಮೇಡಂ. ಮೇಷ್ಟ್ರು ಒಳಗೆ ಬಂದಾಗ ನನ್ನ ಕೈ ಜಗ್ಗಿ ಹಿಡಿದು ಹೇಳಿದ್ಲು. ಪೆಟ್ಟಿನ ಮಂಪರು, ಏನೋ ಬಡಬಡಿಸ್ತಾಳೆ ಅನ್ಕೊಂಡೆ."

"ಏನಂದ್ರು?"

"'ಇವರನ್ನ ಯಾಕೋ ಒಳಗೆ ಬಿಟ್ಟೆ ನೀನು?' ಅಂದ್ಲು."

ಅಷ್ಟು ವರ್ಷದ ಗಿರಾಕಿ. ಕಿಟಕಿಯ ಪಕ್ಕದ ಖಾಯಂ ಕುರ್ಚಿ. ಆ ಹೆಂಗಸು ಅವರಿಗೆ ಹೆದರುತ್ತಿದ್ದಳು, ಬಹಳ ದಿನಗಳಿಂದ ಹೆದರುತ್ತಿದ್ದಳು. ಯಾಕೆ?

ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗೋಣಿಯ ಮೇಲಿದ್ದ ಅವನ ಫೋನು ನಡುಗತೊಡಗಿತು. ಇಬ್ಬರೂ ಬಗ್ಗಿ ನೋಡಿದರು. ಪರದೆಯ ಮೇಲೆ 'ಮೇಷ್ಟ್ರು' ಎಂದಿತ್ತು.

ಅವಳು ಸ್ಪೀಕರ್ ಒತ್ತುವಂತೆ ಸನ್ನೆ ಮಾಡಿದಳು.

"ಏನಪ್ಪಾ, ಕೆಲಸದಲ್ಲಿದೀಯಾ?" ಅದೇ ಮೆತ್ತನೆಯ, ಪಾಠ ಹೇಳುವ ದನಿ. ಹಿಂದೆ ಎಲ್ಲೋ ಕಬ್ಬಿಣದ ಗೇಟು ಮುಚ್ಚಿದ ಸದ್ದು. "ನಿನ್ನ ಕಟ್ಟಡದ ಕೆಳಗೇ ಇದೀನಿ. ಆ ಪುಸ್ತಕ ನಿನ್ನ ಹತ್ರ ಇರೋದು ಒಳ್ಳೇದಲ್ಲ, ನನಗೆ ಕೊಟ್ಟುಬಿಡು. ಲಿಫ್ಟು ನೀನೇ ನಿಲ್ಲಿಸಿದೀಯಲ್ಲ, ಮೆಟ್ಟಿಲು ಹತ್ತಿ ಬರ್ತೀನಿ. ನಿಧಾನಕ್ಕೆ."

ಮೆಟ್ಟಿಲ ಬಾವಿಯಲ್ಲಿ, ಬಹಳ ಕೆಳಗೆ, ಚಪ್ಪಲಿಯ ಸಪ್ಪಳ ಶುರುವಾಯಿತು. ಫೋನಿನಲ್ಲೂ ಅದೇ ಸಪ್ಪಳ.

"ಒಬ್ಬನೇ ಇದೀಯ ತಾನೆ?"

ಮೆಕ್ಯಾನಿಕ್ ಇನ್‌ಸ್ಪೆಕ್ಟರ್ ಕಡೆ ನೋಡಿದ. ಹೌದೆನ್ನು ಎಂಬಂತೆ ಅವಳು ತಲೆಯಾಡಿಸಿದಳು.

"ಹೂಂ ಮೇಷ್ಟ್ರೇ," ಎಂದ ಅವನು. ಕಣ್ಣಿಂದ ನೀರು ಇಳಿದು ಕಪ್ಪು ಗೀರಿನ ಮೇಲೆ ಹಾದುಹೋಗುತ್ತಿತ್ತು. "ಒಬ್ಬನೇ ಇದೀನಿ."